ಕಲ್ಲಿಗೆ ತಕ್ಕ ಇಂಗ್ಲಿಷ್

ಚಿತ್ರದುರ್ಗದ ಕೋಟೆಯಲ್ಲಿ ಗೈಡ್ ಆಗಿರುವ ಹಾಲಸ್ವಾಮಿ ಹೊಳಲ್ಕೆರೆ ಕಡೆಯ ಕುರಿಗಾಹಿ ಮನೆತನದವನು. ಕನ್ನಡ ಶಾಲೆಯಲ್ಲಿ ಓದಿದವನು. ಪ್ರವಾಸಿಗರ ಜತೆ ಹೇಗೋ ನಿಭಾಯಿಸುವಷ್ಟು ಇಂಗ್ಲಿಷ್ ಬರುತ್ತಿತ್ತು. ಒಮ್ಮೆ ಅವನ 'ವೆರಿ ಬಿಗ್ ವಾಲ್, ವೆರಿ ಗುಡ್ ವಾಲ್' ಕೇಳಿ ಕಾಲೇಜು ಹುಡುಗಿಯರ ಗುಂಪೊಂದು ನಕ್ಕಿತು. ಅಂದಿನಿಂದ ಅವನು ಮೊಬೈಲಿನಲ್ಲಿ ದೊಡ್ಡ ದೊಡ್ಡ ಪದ ಹುಡುಕಿ ಬಾಯಿಪಾಠ ಮಾಡತೊಡಗಿದ. ಸ್ನಾನಕ್ಕೆ ಹೋದರೂ 'ಇಂಪ್ರೆಗ್ನಬಲ್, ಸ್ಟುಪೆಂಡಸ್' ಎಂಬ ಗುನುಗು.

"ಒಳಗೆ ಯಾರನ್ನ ಬೈಯ್ತಾ ಇದೀರಿ?" ಎಂದು ಹೆಂಡತಿ ಸುಮಾ ಕೇಳಿದಳು.

"ಬೈಯ್ತಾ ಇಲ್ಲ ಕಣೆ, ಕೋಟೆ ಹೊಗಳ್ತಾ ಇದೀನಿ."

ಕಳೆದ ಚಳಿಗಾಲದಲ್ಲಿ ಕೋಲ್ಕತ್ತದ ಹೆಂಗಸೊಬ್ಬರು ತಮ್ಮನ ಕೈ ಹಿಡಿದು ಬಂದರು. ಅವರಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ಹಾಲಸ್ವಾಮಿ ಮೊದಲ ಬಾಗಿಲಲ್ಲೇ ತನ್ನ ಪದಗಳನ್ನೆಲ್ಲ ಸುರಿದ. ಅವರು ಪೂರ್ತಿ ಕೇಳಿಸಿಕೊಂಡು, "ಗೋಡೆ ಹೇಗಿದೆ?" ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದರು.

"ಮೆಜೆಸ್ಟಿಕ್, ಮೇಡಂ."

ಅವರು ಇನ್ನೂ ಏನಾದರೂ ಹೇಳುತ್ತಾನೆಂದು ಕಾದರು. ಕೊನೆಗೆ ಅವನು ಅನುಮತಿ ಕೇಳಿ, ಅವರ ಕೈಯನ್ನು ಕಲ್ಲಿಗೆ ತಾಗಿಸಿದ.

"ಗ್ರಿಟ್ಟಿ," ಎಂದರು ಅವರು, ಬೆರಳುಗಳನ್ನು ಉಜ್ಜಿಕೊಳ್ಳುತ್ತ.

ತರಿತರಿ ಎಂದು ಅವನಿಗೆ ಥಟ್ಟನೆ ಹೊಳೆಯಿತು. ಅದನ್ನೇ ಹೇಳಿಕೊಟ್ಟ, ಅವರು ಎರಡು ಸಲ ಅಂದು ನೋಡಿದರು. ಉಳಿಯ ಗೀರು ಸಿಕ್ಕಾಗ 'ಗ್ರೂವ್' ಎಂದು ಅವರು ಹೇಳಿಕೊಟ್ಟರು. ಹೀಗೆ ಮುಟ್ಟುತ್ತ, ಹೆಸರಿಡುತ್ತ ಮೇಲೇರಿದರು. ಒಂದು ಬಂಡೆಗೆ ಒಣಗಿದ ಪಾಚಿ ಹತ್ತಿತ್ತು. ಅದಕ್ಕೆ ಇಬ್ಬರಿಗೂ ಪದ ಸಿಗಲಿಲ್ಲ. ಹಾಲಸ್ವಾಮಿ ಯೋಚಿಸಿ, "ಶೀಪ್, ಮೇಡಂ. ಆಫ್ಟರ್ ಕಟಿಂಗ್," ಎಂದ. ಉಣ್ಣೆ ಕತ್ತರಿಸಿದ ಕುರಿಯ ಬೆನ್ನು ಹಾಗೇ ಇರುತ್ತದೆ. ಅವರು ಜೋರಾಗಿ ನಕ್ಕರು. ಅವನಿಗೂ ನಗು ಬಂತು.

ಆಮೇಲೂ ಅವನು ಇಂಗ್ಲಿಷ್ ಕಲಿಯುವುದನ್ನು ಬಿಟ್ಟಿಲ್ಲ. ಬಿಸಿಲಿಗೆ ಕಾದ ಕಲ್ಲಿಗೆ ಏನನ್ನುತ್ತಾರೆ, ಬಾವಲಿ ಇರುವ ಕತ್ತಲ ಕೋಣೆಯ ವಾಸನೆಗೆ ಏನನ್ನುತ್ತಾರೆ ಎಂದು ಹುಡುಕುತ್ತಿರುತ್ತಾನೆ.

"ಏನಪ್ಪ, ನಿನ್ನ ಇಂಗ್ಲಿಷ್ ಬರ್ತಾ ಬರ್ತಾ ಸಣ್ಣದಾಗೈತೆ," ಎಂದು ಇನ್ನೊಬ್ಬ ಗೈಡ್ ಯತ್ತಪ್ಪ ಛೇಡಿಸಿದ.

"ಈ ಸಣ್ಣ ಪದಗಳು ಸಿಗಾದೇ ಕಷ್ಟ ಕಣಪ್ಪ," ಎಂದ ಹಾಲಸ್ವಾಮಿ.

ಈಗ ಬಂದವರಿಗೆಲ್ಲ ಗೋಡೆ ಮುಟ್ಟಿ ನೋಡಲು ಹೇಳುತ್ತಾನೆ. ಕೆಲವರು ಮುಟ್ಟುತ್ತಾರೆ. ಕೆಲವರು ಫೋಟೊ ತೆಗೆದುಕೊಂಡು ಮುಂದೆ ನಡೆಯುತ್ತಾರೆ.