ಸೂರಿನ ಹತ್ತಿರದ ಮೊಳೆ

ಚಾಮರಾಜನಗರದಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುತ್ತಿದ್ದ ಸಾಹೇಬರು ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ ಮಾತಾಡುತ್ತಿದ್ದರು.

ಐವತ್ತರ ದಶಕದಲ್ಲಿ ಮೈಸೂರಿನ ಮ್ಯೂಸಿಯಂನವರು ತಮ್ಮಲ್ಲಿದ್ದ ಹೊಸಕಾಲದ ಚಿತ್ರಗಳನ್ನು ನಮ್ಮೂರ ಶಾಲೆಯಲ್ಲಿ ಪ್ರದರ್ಶನಕ್ಕಿಟ್ಟರು. ಅವುಗಳಲ್ಲಿ ನಾನು ಬರೆದದ್ದೂ ಒಂದಿತ್ತು: ಹೊಲದಲ್ಲಿ ಕಳೆ ಕೀಳಲು ಬಗ್ಗಿದ ಅವ್ವನ ಬೆನ್ನು, ಬರೀ ನಾಲ್ಕು ಗೆರೆಗಳಲ್ಲಿ.

"ಮೊಕನೇ ಇಲ್ವಲ್ಲ, ಇದ್ಯಾವ ಸೀಮೆ ಪಟ?" ಎಂದಿದ್ದ ಅಪ್ಪ, ನಾನದನ್ನು ಬರೆದಾಗ.

ಚಿತ್ರಗಳನ್ನು ತೂಗುಹಾಕಲು ಬಂದ ಸಾಹೇಬರು ಎಲ್ಲವನ್ನೂ ದೇವರ ಪಟದಂತೆ ಸೂರಿನ ಹತ್ತಿರ, ಮುಂದಕ್ಕೆ ಬಾಗಿಸಿ ಹಾಕಿಬಿಟ್ಟಿದ್ದರು.

"ಕಣ್ಣಿನ ಮಟ್ಟಕ್ಕಿರಬೇಕಿತ್ತು ಸಾಹೇಬರೇ!" ಎಂದು ರೇಗಿದೆ.

"ತಲೆ ಎತ್ತಿ ನೋಡ್ಲಿ ಬುಡು ಕಣಮ್ಮಿ" ಎಂದರು. ಯಾವಾಗಲೂ ಅದೇ ಮಾತು.

ಮಧ್ಯಾಹ್ನ ಅಪ್ಪ ಬಂದ. ಹೊಸ್ತಿಲಾಚೆಯೇ ಮೆಟ್ಟು ಬಿಟ್ಟು, ನನ್ನ ಚಿತ್ರದ ಕೆಳಗೆ ನಿಂತು, ತಲೆ ಎತ್ತಿದ.

ಆ ಮೊಳೆಗೆ ನಾನು ಇಂದಿಗೂ ಋಣಿ. ಅಪ್ಪ ಅವ್ವನನ್ನು ತಲೆ ಎತ್ತಿ ನೋಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.