ಜೋಡಿ ಗಾದಿಯ ಇನ್ನರ್ಧ

ಗೆಳೆಯರೇ, ಇವತ್ತು ಮಂಡಿಪೇಟೆಯಲ್ಲಿ ನನಗೂ ಗಾದಿ ಹೊಲಿಯುವ ರಹಮಾನ್ ಭಾಯಿಗೂ ಜಗಳವಾಯಿತು. ಮನೆಯ ಜೋಡಿ ಗಾದಿಯನ್ನು ಆಟೋದಲ್ಲಿ ಹಾಕಿಕೊಂಡು ಹೋಗಿದ್ದೆ. ಯಜಮಾನರು ತೀರಿಕೊಂಡ ಮೇಲೆ ಅದರ ಅರ್ಧ ಖಾಲಿಯೇ ಇದೆ.

"ಒಬ್ಬರು ಮಲಗೋ ಅಷ್ಟು ಮಾಡ್ರಿ. ಉಳಿದ ಹತ್ತಿ ನೀವೇ ಇಟ್ಕೊಳ್ರಿ" ಎಂದೆ.

ಅವರು ಹೊಲಿಗೆ ಬಿಚ್ಚಿ ಹತ್ತಿ ಹಿಸುಕಿ ನೋಡಿದರು. "ಇಷ್ಟು ಚಲೋ ಹತ್ತಿ ಐತೆ. ಹಿಂಜಿದ್ರೆ ಎರಡು ಗಾದಿ ಆಗ್ತಾವೆ ಅಕ್ಕಾರೆ. ಒಂದೇ ಮಾಡಾಕೆ ನಂಗೆ ಮನಸ್ಸು ಬರಲ್ಲ."

"ಇನ್ನೊಂದರ ಮೇಲೆ ಯಾರು ಮಲಗ್ತಾರ್ರಿ?"

"ನಂಗೇನ್ ಗೊತ್ತು? ಮುಂದೆ ಏನ್ ಮಾಡ್ಬೇಕಂತೀರಿ, ನೀವೇ ಹೇಳ್ರಿ."

ಹೋದ ವರ್ಷ ಯಜಮಾನರು ಹೋದಾಗಿನಿಂದ ಎಲ್ಲರೂ ಊಟ ಆಯಿತೇ ಎಂದು ಕೇಳುತ್ತಿದ್ದಾರೆ. ಮುಂದೇನು ಎಂದು ಯಾರೂ ಕೇಳಿರಲಿಲ್ಲ. ಸಿಟ್ಟಿನಲ್ಲೇ ಬಾಯಿಗೆ ಬಂತು: "ಹರಿಹರದ ಕಡೆ ಹಳ್ಳಿಯಿಂದ ಓದಾಕೆ ಬರೋ ಹುಡುಗೀರನ್ನ ನಮ್ಮ ಆನೆಕೊಂಡದ ಮನೇಲಿ ಇಟ್ಕೋಬೇಕು ಅಂತ ನಾನೂ ಯಜಮಾನ್ರೂ ಮಾತಾಡ್ಕೊಂಡಿದ್ವಿ."

"ಹಂಗಾದ್ರೆ ಎರಡು ಎಲ್ಲಿ ಸಾಲ್ತಾವ್ರೀ?" ಎಂದು ಭಾಯಿ ನಕ್ಕರು.

ಸದ್ಯ ಎರಡು ಸಾಕು ಎಂದೆ. ಇನ್ನೂ ಮುಖ ನೋಡದ ಹುಡುಗಿಗೆಂದು ಹೂವಿನ ಬಟ್ಟೆ ಆರಿಸಿದೆ. ಹೊರಡುವಾಗ ಭಾಯಿ, "ಐದು ವರ್ಷಕ್ಕೆ ಹತ್ತಿ ಮತ್ತೆ ಗಂಟು ಕಟ್ತೈತೆ. ಹಿಂಜಿಸಾಕೆ ಬರ್ರಿ" ಎಂದರು. ಬರುತ್ತೇನೆ ಎಂದುಬಿಟ್ಟೆ.

ಈಗ ಆ ಮಾತು ಉಳಿಸಿಕೊಳ್ಳಲಿಕ್ಕಾದರೂ ನಾನು ಐದು ವರ್ಷ ಗಟ್ಟಿಯಾಗಿ ಇರಬೇಕು.