ಕಾರ್ಡಿನ ಕೆಳಗೆ ನನ್ನದೊಂದು ಸಹಿ

ಬೆಳಿಗ್ಗೆ ಸೀರೆ ಕೊಡವಿದಾಗ ಜರಿಕಾಗದದ ಚೂರೊಂದು ಉದುರಿತು. ಹೋದ ವರ್ಷ ಮೊಮ್ಮಗಳ ಡಿಗ್ರಿಗೆ ಕಾರ್ಡು ಮಾಡಿದೆನಲ್ಲ, ಅದರದ್ದು. ಎಷ್ಟು ಒಗೆದರೂ ಹೋಗದು, ಆವತ್ತಿನ ನನ್ನ ಹೊಟ್ಟೆಕಿಚ್ಚಿನ ಹಾಗೆ.

ಸಿಂಚನ ಬಿ.ಕಾಂ. ಪಾಸಾದದ್ದನ್ನು ವಿದ್ಯಾರಣ್ಯಪುರದ ನಮ್ಮ ಬೀದಿಯಲ್ಲಿ ಹಾಲಿನವನಿಗೂ ಹೂವಿನವಳಿಗೂ ನಾನೇ ಹೇಳಿದೆ. ಕೇಳದವರಿಗೆ ಎರಡೆರಡು ಸಲ ಹೇಳಿದೆ. ಅಷ್ಟರಲ್ಲಿ ಬಂದರು ನೋಡಿ ಬೀಗಿತ್ತಿ ಸರೋಜಮ್ಮ, ಸೊಸೆಯ ತಾಯಿ, ರಿಟೈರಾದ ಟೀಚರಮ್ಮ. ಅಂಗಡಿ ಕಾರ್ಡು ಬೇಡ, ಇಬ್ಬರೂ ಕೈಯಲ್ಲೇ ಮಾಡೋಣ ಎಂದರು. ಕಿರಿಯ ಮೊಮ್ಮಗಳ ಹುಟ್ಟುಹಬ್ಬದಲ್ಲಿ ಮಿಕ್ಕ ಜರಿಕಾಗದ, ರಿಬ್ಬನ್ನು, ಪೇಪರ್ ತಟ್ಟೆಗಳನ್ನು ಹರಡಿಕೊಂಡು ಕೂತೆವು. ಸಿಂಚನಳ ಕೋಣೆಯ ಗೋಡೆ ಏರುವುದು ಯಾರ ಕಾರ್ಡು ಎಂಬುದೊಂದೇ ನನ್ನ ಚಿಂತೆ.

ಕತ್ತರಿ ಹಿಡಿದರೆ ನಾನೇನು ಕಡಿಮೆಯಲ್ಲ. ತಟ್ಟೆ ಮಡಚಿ, ರಿಬ್ಬನ್ನಿಗೆ ಸೀರೆಯ ನೆರಿಗೆ ಹಿಡಿದು, ಮೈದಾ ಗೋಂದಿನಲ್ಲಿ ಅಂಟಿಸಿದೆ. ಲಗ್ನಪತ್ರಿಕೆಗೆ ಹಚ್ಚುವಂತೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದೆ. ದುಂಡನೆಯ ತಟ್ಟೆಗೆ ಮೂಲೆ ಎಲ್ಲಿಂದ ಬರಬೇಕು, ಅಂದಾಜಿನಲ್ಲಿ ಹಚ್ಚಿದೆ. ಸರೋಜಮ್ಮ ತಮ್ಮ ಕಾರ್ಡಿಗೆ ಕತ್ತರಿಸಿದ ಪದವಿಯ ಕರಿ ಟೋಪಿ ಸೊಟ್ಟಗಾದಾಗ ಒಳಗೊಳಗೇ ಹಿಗ್ಗಿದೆ. ಆದರೆ ಅವರು ಪೆನ್ನು ತೆಗೆದು ಆರು ಸಾಲು ಬರೆದೇ ಬಿಟ್ಟರು, ಅಚ್ಚು ಹಾಕಿದ ಹಾಗೆ. ನಾನು ಶಾಲೆ ಬಿಟ್ಟದ್ದು ನಾಲ್ಕನೇ ಕ್ಲಾಸಿಗೆ. ಪೇಪರ್ ಓದುತ್ತೇನೆ, ಆಗ ಬರೆಯಲು ಬರುತ್ತಿದ್ದದ್ದು ಸಹಿಯೊಂದೇ.

“ಏನ್ ಬರೀಬೇಕು ಹೇಳಿ ಜಯಮ್ಮನೋರೆ, ನಾನೇ ಬರ್ಕೊಡ್ತೀನಿ” ಎಂದರು.

ಬೇಡವೆಂದೆ. ಪಿಂಚಣಿ ಫಾರಮ್ಮಿಗೆ ಹಾಕುವಂತೆ ಕೆಳಗೆ ಬಲಗಡೆ ಸಹಿ ಹಾಕಿ ಮುಚ್ಚಿಟ್ಟೆ.

ಸಂಜೆ ಸಿಂಚನ ಅವರದನ್ನು ಓದಿ ಕಣ್ಣೊರೆಸಿಕೊಂಡಳು. ನನ್ನದನ್ನು ತೆರೆದು ನಕ್ಕಳು. ಎಲ್ಲರೂ ನಕ್ಕರು.

“ಅಜ್ಜಿ, ಸೈನ್ ಹಾಕ್ಬುಟ್ಟಿದ್ದೀಯ, ವಿಷಯಾನೇ ಇಲ್ವಲ್ಲ. ಹೇಳು, ಬರ್ಕೋತೀನಿ.”

ಒಳ್ಳೆಯದಾಗಲಿ ಎನ್ನಲು ಬಾಯಿ ತೆರೆದವಳು ಬೇರೆಯೇ ಹೇಳಿದೆ.

“ನಿನ್ನ ಕಂಡ್ರೆ ನಂಗೆ ಹೊಟ್ಟೆ ಉರೀತದೆ ಕಣವ್ವ. ನಂಗೂ ಓದ್ಬೇಕು ಅಂತ ಇತ್ತು.”

ಸಿಂಚನ ಒಂದಕ್ಷರ ಬಿಡದೆ ಅದನ್ನೇ ನನ್ನ ಸಹಿಯ ಮೇಲೆ ಬರೆದು ಗೋಡೆಗೆ ಅಂಟಿಸಿದಳು. ಬೀಗಿತ್ತಿಯ ಕಾರ್ಡಿಗಿಂತ ಒಂದು ಗೇಣು ಮೇಲೆ; ಅಳೆದು ನೋಡಿದ್ದೇನೆ. ಮಾರನೆಯ ದಿನ ನನಗೊಂದು ನೋಟ್‌ಬುಕ್ಕು ತಂದು, ಪಕ್ಕದಲ್ಲಿ ಕೂರಿಸಿಕೊಂಡು ಬರೆಸತೊಡಗಿದಳು.

ನೀವು ಓದುತ್ತಿರುವುದನ್ನು ಬರೆಯಲು ಹನ್ನೊಂದು ದಿನ ಹಿಡಿಯಿತು. ತಿದ್ದಿಕೊಡುತ್ತೇನೆಂದು ಸರೋಜಮ್ಮ ಎರಡು ಸಲ ಫೋನು ಮಾಡಿದ್ದಾರೆ. ಕೊಟ್ಟಿಲ್ಲ. ಅಚ್ಚಾದ ಮೇಲೆ ಎಲ್ಲರ ಹಾಗೆ ಅವರೂ ಓದಲಿ.